ಪೀಪಿಯ ಗೋಬಿಗಳು

ನಮ್ಮಣ್ಣ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧಕ್ಕರ್ಧ ಲಿಫ್ಟುಗಳು ಅವನ ಕೈಗುಣದಿಂದ ಹತ್ತಿ ಇಳಿಯುತ್ತವೆ. ಅವನು ಮನೆ ಮಾಡಿರುವುದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಏದುಸಿರು ಬಿಡುತ್ತಾ ಹತ್ತಿ ಬಂದು ನಾನು ಇದನ್ನೆತ್ತಿ ಆಡಿಕೊಳ್ಳದ ದಿನವಿಲ್ಲ. ಮೊದಲೆಲ್ಲ ನಗುತ್ತಿದ್ದ. ಈಗ "ಹೂಂ" ಅನ್ನುತ್ತಾನೆ.

ಯಾರಾದರೂ ಮಹಡಿಗಳ ನಡುವೆ ಸಿಕ್ಕಿಕೊಂಡರೆ ಅವನ ಫೋನ್ ಬಡಿದುಕೊಳ್ಳುತ್ತದೆ. "ಬಾಗಿಲು ತಳ್ಳಬೇಡಿ, ಸುಮ್ಮನೆ ನಿಂತ್ಕೊಳ್ಳಿ, ಬರ್ತಿದ್ದೀನಿ." ಒಳಗಿನವರು ಕಿರುಚಲಿ, ಬೈಯಲಿ, ಅಳಲಿ, ಇವನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಾರಸಿಯ ಮೋಟಾರು ಕೋಣೆಗೆ ಹತ್ತಿ, ಕರೆಂಟ್ ತೆಗೆದು, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ಪೆಟ್ಟಿಗೆಯನ್ನು ಬಾಗಿಲ ಮಟ್ಟಕ್ಕೆ ತರುತ್ತಾನೆ. ಮಗಳು ಹೋದ ಮೇಲೆ ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡತೊಡಗಿದ.

ಮಗಳಿಗೆ ಪೀಪಿ ಎಂದು ಹೆಸರಿಟ್ಟವಳು ನಾನೇ. ಹುಟ್ಟಿದಾಗ ಅವಳ ಅಳು ಹಾಗಿತ್ತು. ಕಾಲೇಜು ಸೇರಿದರೂ ಹೆಸರು ಬಿಡಲಿಲ್ಲ. ಕಾಲೇಜಿನ ಎರಡನೇ ವರ್ಷ ತನ್ನ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ತಂದಿಟ್ಟು ಅದರಲ್ಲಿ ಸಮುದ್ರವನ್ನೇ ಕಟ್ಟಲು ಹೊರಟಳು: ಉಪ್ಪುನೀರು, ಮರಳು, ಕಲ್ಲು, ಜೀವವಿರುವ ಹವಳ. ಇಷ್ಟೆಲ್ಲ ಸಂಭ್ರಮ ಯಾವ ತಿಮಿಂಗಿಲಕ್ಕೋ ಎಂದು ನೋಡಿದರೆ ಇದ್ದದ್ದು ಎರಡು ಮೀನು. ಒಂದು ಹಳದಿ, ಇನ್ನೊಂದು ನೀಲಿ ಪಟ್ಟೆಯದು. ಎರಡೂ ನನ್ನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ.

"ಇವು ಗೋಬಿ, ಅತ್ತೆ."

"ಗೋಬಿ ಅಂದ್ರೆ ಹೂಕೋಸಲ್ವೇನೇ?"

"ಹೂಕೋಸಿನ ಮೇಲೇ ಕೂತಿದೆ ನೋಡು, ಬೇಕಾದ್ರೆ."

ಹಳದಿ ಮೀನು ಕೂತಿದ್ದ ಹವಳ ನಿಜಕ್ಕೂ ಹೂಕೋಸಿನ ಹಾಗೇ ಇತ್ತು. ಈಜುವ ಗೋಜಿಗೇ ಹೋಗದ ಮೀನುಗಳು ಅವು. ಎದೆಯಡಿಯ ರೆಕ್ಕೆ ಊರಿಕೊಂಡು ಕೂತು, ಕಣ್ಣು ಹೊರಳಿಸುತ್ತಾ ನಮ್ಮನ್ನೇ ನೋಡುತ್ತಿದ್ದವು. ಕೆಲಸವಿಲ್ಲದ ನೆಂಟರು ಕಣೇ ಇವು, ಊಟ ಆದ ಮೇಲೂ ಏಳಲ್ಲ ಎಂದೆ. ಪೀಪಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಜ್ವರವೆಂದು ಆಸ್ಪತ್ರೆಗೆ ಸೇರಿದವಳು ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಆ ವಾರದ ಬಗ್ಗೆ ನಾನು ಬರೆಯಲಾರೆ.

ಅತ್ತಿಗೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗಳಿಗೆ ನಂಬರು ಚೀಟಿ ಪಿನ್ ಮಾಡುವ ಕೆಲಸದಲ್ಲಿದ್ದಾರೆ. ಕೆಲಸಕ್ಕೆ ಮರಳಿದ ದಿನ ಅಣ್ಣನಿಗೆ ಹೇಳಿದರು: "ಆ ಬಾಗಿಲು ಮುಚ್ಚಿರಲಿ. ಆ ರೂಮಿಗೆ ನಾನು ಕಾಲಿಡಲ್ಲ." ಅಷ್ಟೇ. ಆಮೇಲೆ ಆ ಮನೆಯಲ್ಲಿ ಮಾತೆಂದರೆ ಗ್ಯಾಸ್ ಮುಗೀತು, ಬೀಗ ತಗೊಂಡ್ಯಾ, ದೀಪ ಆರಿಸು. ಇಬ್ಬರೂ ಅಳಲಿಲ್ಲ. ಜಗಳವಾಡಿದರೂ ವಾಸಿ ಅನ್ನಿಸುತ್ತಿತ್ತು ನನಗೆ. ಇಬ್ಬರೂ ಒಂದೇ ಮೇಜಿಗೆ ಕೂತು ಉಂಡು, ತಟ್ಟೆ ತೊಳೆದು, ಮಲಗುತ್ತಿದ್ದರು.

ತೊಟ್ಟಿ ಅಣ್ಣನ ಪಾಲಿಗೆ ಬಂತು. ಪ್ರೀತಿಯಿಂದ ನೋಡಿಕೊಂಡನೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆಯಲ್ಲಿ ಓಡುತ್ತಿರುವ ಯಂತ್ರ, ನಿಲ್ಲಬಾರದು, ಅಷ್ಟೇ ಅವನ ಧೋರಣೆ. ಮೀನಿನ ಅಂಗಡಿಯವನ ಹತ್ತಿರ ಹೋಗಿ ಎಲ್ಲ ಕೇಳಿ ತಿಳಿದುಕೊಂಡ. ದೀಪದ ಶಾಖಕ್ಕೆ ನೀರು ಆರಿ ಕಡಿಮೆಯಾಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಫಿಲ್ಟರ್ ನೀರು ಹಾಕಬೇಕು. ಉಪ್ಪು ಬೆರೆಸುವುದು ಹಳೆಯ ನೀರು ಬಸಿದು ಹೊಸದು ತುಂಬುವಾಗ ಮಾತ್ರ. ಉಪ್ಪನ್ನು ಅಳೆಯಲು ಒಂದು ಕೊಳವೆಯಿದೆ, ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಬೇಕು. ಕೆಲಸಕ್ಕೆ ಹೊರಡುವ ಮುಂಚೆ ಅಣ್ಣ ಇದನ್ನೆಲ್ಲ ಮುಗಿಸುತ್ತಿದ್ದ.

ಕೆಲವು ತಿಂಗಳ ಮೇಲೆ ಉಪ್ಪು ಏರತೊಡಗಿತು. ನೀರು ನೋಡಿದರೆ ಗಾಜಿನ ಮೇಲೆ ಗುರುತು ಹಾಕಿದ ಗೆರೆಯ ಮಟ್ಟಕ್ಕೇ ಇದೆ, ಉಪ್ಪು ಮಾತ್ರ ದಿನೇ ದಿನೇ ಏರುತ್ತಿದೆ. ಕೊಳವೆ ಕೆಟ್ಟಿದೆಯೆಂದು ಒರೆಸಿದ, ಅಂಗಡಿಯವನ ಕೊಳವೆ ತಂದು ನೋಡಿದ, ಅದೂ ಅದೇ ಹೇಳಿತು. ಅಷ್ಟರಲ್ಲಿ ನೀಲಿ ಪಟ್ಟೆಯ ಗೋಬಿ ತಿನ್ನುವುದು ಬಿಟ್ಟು ಮೂಲೆ ಸೇರಿತು. ಒಂದು ಬೆಳಿಗ್ಗೆ ಮರಳ ಮೇಲೆ ಮಗ್ಗುಲಾಗಿ ಬಿದ್ದಿತ್ತು.

"ನೀಲಿದು ಹೋಯ್ತು. ವಯಸ್ಸಾಗಿತ್ತು," ಅಂದನಂತೆ ಊಟಕ್ಕೆ ಕೂತಾಗ. ಅತ್ತಿಗೆ "ಹೂಂ" ಅಂದು ಊಟ ಮುಂದುವರಿಸಿದರಂತೆ.

ಆ ವಾರವೇ ಅಣ್ಣ ಸ್ಪ್ಯಾನರಿನ ಚೀಲ ಮರೆತು ಮಧ್ಯಾಹ್ನ ಮನೆಗೆ ಬಂದ. ಪೀಪಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಊಟದ ಬಿಡುವಿಗೆ ಬಂದ ಅತ್ತಿಗೆ ಒಳಗಿದ್ದರು. ಡಬ್ಬದಿಂದ ಉಪ್ಪು ಅಳೆದು, ಜಗ್ಗಿನ ನೀರಿಗೆ ಹಾಕಿ, ಚಮಚದಿಂದ ಕದಡಿ, ಗೆರೆಯ ಮಟ್ಟ ಬರುವ ತನಕ ತೊಟ್ಟಿಗೆ ಸುರಿದರು. ಪೀಪಿ ಹೊಸ ನೀರು ತುಂಬುವಾಗ ಉಪ್ಪು ಕದಡುವುದನ್ನು ನೋಡಿದ್ದರಲ್ಲ, ಸಮುದ್ರದ ಮೀನಿಗೆ ಉಪ್ಪುನೀರೇ ಹಾಕಬೇಕೆಂದುಕೊಂಡಿದ್ದರು. ಸುರಿದ ಮೇಲೆ ಹಳದಿ ಗೋಬಿಯ ಎದುರು ಗಾಜಿಗೆ ಹಣೆ ಹಚ್ಚಿ ನಿಂತರು. ಅಣ್ಣ ಚೀಲವನ್ನೂ ತೆಗೆದುಕೊಳ್ಳದೆ ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ನಾನು ರೇಗಿದ ಮೇಲೆ. ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಗುದ್ದಾಡಿ ಬಾಯಿ ಬಲಿತವಳು ನಾನು. "ನೀನೇನು ಮನುಷ್ಯನಾ, ಕಲ್ಲಾ? ಅತ್ತಿಗೆ ಜೊತೆ ಒಂದು ಮಾತಾಡೋಕೆ ನಿನಗೇನು ಧಾಡಿ?" ಎಂದು ಹರಿಹಾಯ್ದೆ. ಅದಕ್ಕೆ ಉತ್ತರವಾಗಿ ಅವನು ಈ ಉಪ್ಪಿನ ಕತೆ ಹೇಳಿದ.

"ಹಂಗಾದ್ರೆ ಹೇಳ್ಬಿಡೋ ಅತ್ತಿಗೆಗೆ! ಇರೋದೊಂದೂ ಸತ್ರೆ?"

"ಸಾಯಲ್ಲ. ಸಂಜೆ ಒಂದು ಜಗ್ ತೆಗೆದು ಒಂದು ಜಗ್ ಬರೀ ನೀರು ಹಾಕ್ತೀನಿ. ಸರಿಹೋಗತ್ತೆ."

"ದಿನಾ?"

"ದಿನಾ. ಹೇಳಿದ್ರೆ ಅವಳು ಆ ರೂಮಿಗೆ ಬರೋದು ನಿಂತುಹೋಗತ್ತೆ. ನೀನೂ ಬಾಯಿ ಬಿಡಬೇಡ."

ನನ್ನಂಥವಳೂ ಬಾಯಿಗೆ ಬೀಗ ಹಾಕಿಕೊಂಡಳು. ಅವರು ಮಧ್ಯಾಹ್ನ ಸುರಿದದ್ದನ್ನು ಇವನು ಸಂಜೆ ತೆಗೆಯುತ್ತಿದ್ದ. ಹಳದಿ ಗೋಬಿ ತನ್ನ ಹವಳದ ಮೇಲೆ ಕೂತೇ ಇತ್ತು. ಹೀಗೇ ತಿಂಗಳುಗಳು ಉರುಳಿದವು. ಅಣ್ಣನಿಗೆ ಅದರಿಂದ ಸಂತೋಷವಾಗುತ್ತಿತ್ತೋ, ದುಃಖವಾಗುತ್ತಿತ್ತೋ ನನಗೆ ತಿಳಿಯದು. ಏನೂ ಆಗುತ್ತಿರಲಿಲ್ಲ ಎಂದೇ ಕಾಣುತ್ತದೆ.

ಒಂದು ಭಾನುವಾರ ನಾನು ಹೋದಾಗ ಅಣ್ಣ ಮೇಜಿನ ಮೇಲೆ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಅತ್ತಿಗೆ ಹೊರಗಿನಿಂದ ಬಂದವರು ಚಪ್ಪಲಿಯನ್ನೂ ಬಿಡದೆ ನೇರ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ತೊಟ್ಟಿಯ ಉಪ್ಪಿನ ಡಬ್ಬವಿತ್ತು, ಖಾಲಿ.

"ಉಪ್ಪು ಮುಗಿದಿತ್ತು, ಮೀನಿನಂಗಡಿಗೆ ಹೋಗಿದ್ದೆ," ಅಂದರು. "ಅಷ್ಟು ಚಿಕ್ಕ ತೊಟ್ಟಿಗೆ ಇಷ್ಟು ಬೇಗ ಹೇಗಮ್ಮ ಖಾಲಿಯಾಯ್ತು ಅಂತ ಕೇಳಿದ. ದಿನಾ ನೀರಿಗೆ ಹಾಕ್ತೀನಿ ಅಂದೆ. ಅಯ್ಯೋ, ಬರೀ ನೀರು ಹಾಕ್ಬೇಕು, ಉಪ್ಪು ಎಲ್ಲೂ ಹೋಗಿರಲ್ಲ ಅಂದ."

ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಾನು ಹಾಕ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಸಂಜೆ ನಾನು ಸರಿ ಮಾಡ್ತಿದ್ದೆ."

"ನೀಲಿದು?"

"ಅದು ಹೋದಾಗ ಇನ್ನೂ ಗೊತ್ತಿರಲಿಲ್ಲ."

ಎದ್ದು ಹೋಗಿ ಅವನ ಬಾಯಿ ಮುಚ್ಚಬೇಕೆನ್ನಿಸಿತು ನನಗೆ. ಇಂಥ ಹೊತ್ತಲ್ಲಾದರೂ ಒಂದು ಸುಳ್ಳು ಹೇಳಬಾರದೇ? ಅತ್ತಿಗೆ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ನೀನು ಆ ರೂಮಿಗೆ ಬರೋದು ಬಿಟ್ಬಿಡ್ತಿದ್ದೆ."

ಅತ್ತಿಗೆ ಅವನ ಮುಖವನ್ನೇ ನೋಡಿದರು. ಅವರು ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ.

"ಉಪ್ಪು ಬೇಡ ಅಂದಿದ್ರೆ ಬರೀ ನೀರು ತಗೊಂಡು ಬರ್ತಿದ್ದೆ, ಅಷ್ಟೇ ಅಲ್ವೇನ್ರೀ," ಅಂದರು.

ಅಣ್ಣ ಮಿಕ್ಸಿಯ ತಿರುಪೊಂದನ್ನು ಎತ್ತಿಕೊಂಡ. ಎಲ್ಲಿಯದೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟ.

"ನನಗದು ಹೊಳೀಲೇ ಇಲ್ಲ ಕಣೇ," ಅಂದ.