ಕಡ್ಡಿಗೆ ಹೋದ ಗುಡ್ಡ

ಅಪ್ಪನಿಗೆ ಒಂದು ಹೆಮ್ಮೆಯಿತ್ತು. ಜೀವಮಾನದಲ್ಲಿ ಒಂದು ದೊಡ್ಡ ಮರಕ್ಕೂ ಕೊಡಲಿ ಹಾಕಿದವನಲ್ಲ ತಾನು ಎಂದು. ಆ ಹೆಮ್ಮೆಯನ್ನು ಹೋದ ವರ್ಷ ನಾನೇ ಮುರಿದೆ. ಮುರಿಯಬೇಕಿತ್ತು ಅನ್ನುವುದರಲ್ಲಿ ಇವತ್ತಿಗೂ ಅನುಮಾನವಿಲ್ಲ. ಮುರಿದ ಸಂಕಟ ಮಾತ್ರ ಹೋಗಿಲ್ಲ.

ನಮ್ಮೂರು ಹಂಗಳದಿಂದ ಒಳಕ್ಕೆ, ಗುಡ್ಡದ ಬುಡದಲ್ಲಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಊರಿಗೆ ಟೊಮೆಟೊ ಬೆಳೆ ಬಂತು. ಟೊಮೆಟೊ ಗಿಡ ತಾನಾಗಿ ನಿಲ್ಲುವುದಿಲ್ಲ, ಕಡ್ಡಿ ನೆಟ್ಟು ಕಟ್ಟಬೇಕು. ಕಡ್ಡಿ ಅಂದರೆ ನಮಗೆ ಗುಡ್ಡದ ಎಳೆಯ ಮರ. ನೆಟ್ಟಗೆ, ಎದೆಯುದ್ದ, ಹೆಬ್ಬೆರಳಿಗಿಂತ ತುಸು ದಪ್ಪ. ಭಾನುವಾರ ಬಂತೆಂದರೆ ಅಪ್ಪ, ಅವ್ವ, ನಾನು ಮಚ್ಚು ಹಿಡಿದು ಗುಡ್ಡ ಹತ್ತುತ್ತಿದ್ದೆವು. ನಾವಷ್ಟೇ ಅಲ್ಲ, ಊರಿಗೆ ಊರೇ ಹತ್ತುತ್ತಿತ್ತು. ಅಪ್ಪ ಕಟ್ಟುನಿಟ್ಟಿನ ಮನುಷ್ಯ, ದೊಡ್ಡ ಮರದ ಕೊಂಬೆ ಮುಟ್ಟಿದರೂ ಬೈಯುತ್ತಿದ್ದ. ಸಣ್ಣದರಲ್ಲೇ ಆರಿಸಿ ಕಡಿದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಇಳಿಯುತ್ತಿದ್ದೆವು. ಎರಡು ಬೆಳೆ ಮುಗಿಯುವಷ್ಟರಲ್ಲಿ ಕಡ್ಡಿಯ ಬುಡಕ್ಕೆ ಗೆದ್ದಲು ಹತ್ತಿ ಅದು ಒಲೆ ಸೇರುತ್ತಿತ್ತು. ಮತ್ತೆ ಗುಡ್ಡ. ಕಡಿದ ಮೋಟು ಚಿಗುರಿದರೆ ನಮ್ಮದೇ ದನ ಮೇಯುತ್ತಿದ್ದವು. ನಮಗೇನು ಗೊತ್ತಿತ್ತು ಅಂತ ಈಗ ಹೇಳಬಹುದು. ಗೊತ್ತು ಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ ಅನ್ನುವುದು ನಿಜ.

ಈಗ ನಾನು ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ದಿನಾ ಓಡಾಡುತ್ತೇನೆ, ಗುಡ್ಡವನ್ನು ಕಿಟಕಿಯಿಂದಷ್ಟೇ ನೋಡುತ್ತೇನೆ. ದೂರದಿಂದ ಅದು ಮೊದಲಿನ ಹಾಗೇ ಕಾಣುತ್ತಿತ್ತು. ಹೋದ ಮಳೆಗಾಲ ನೆತ್ತಿಯ ಮೇಲಿನ ಹಳೆಯ ದಿಂಡಿಗದ ಮರ ಗಾಳಿಗೆ ಉರುಳಿತೆಂದು ಕೇಳಿ, ಒಂದು ರಜಾದಿನ ಹತ್ತಿ ಹೋದೆ. ಬಿದ್ದ ಮರದ ಪಕ್ಕ ನಿಂತು ಸುತ್ತ ನೋಡಿದೆ. ಅಲ್ಲಲ್ಲಿ ಮುದಿ ಮರಗಳು, ಕೆಳಗೆ ಸೊಂಟದವರೆಗೆ ಲಂಟಾನದ ಮುಳ್ಳುಪೊದೆ. ನಡುವಿನ ಎತ್ತರದ್ದು ಒಂದೂ ಇಲ್ಲ. ಅಜ್ಜಂದಿರು ಉಳಿದು ಮಕ್ಕಳು ಮೊಮ್ಮಕ್ಕಳು ಇಲ್ಲವಾದ ಮನೆಯ ಹಾಗೆ. ಹಿಡಿದು ನಿಲ್ಲಿಸುವ ಬೇರಿಲ್ಲದೆ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ನಮ್ಮ ಹೊಲದ ಕಡೆಗೇ ಇಳಿಯುತ್ತಿತ್ತು.

ಮನೆಗೆ ಬಂದರೆ ಅಪ್ಪ ಜಗುಲಿಯಲ್ಲಿ ಮಚ್ಚು ಮಸೆಯುತ್ತ ಕೂತಿದ್ದ. ಟೊಮೆಟೊ ನಾಟಿಯಾಗಿತ್ತು, ಕಡ್ಡಿ ಸಾಲದಾಗಿತ್ತು. ನಾನು ಗುಡ್ಡದಲ್ಲಿ ಕಂಡದ್ದನ್ನು ಹೇಳಿ, ಕಲ್ಲುಕಂಬ ನೆಟ್ಟು ತಂತಿ ಎಳೆಸೋಣ ಎಂದೆ. ಬದುವಿನ ಮೇಲೆ ಗೊಬ್ಬರದ ಗಿಡ ಹಾಕಿದರೆ ಮುಂದಕ್ಕೆ ಕಡ್ಡಿಯೂ ಸೊಪ್ಪೂ ಹೊಲದಲ್ಲೇ ಸಿಗುತ್ತವೆ, ಬೇಗೂರಿನ ಕಡೆ ಕೆಲವರು ಹಾಗೇ ಮಾಡುತ್ತಾರೆ ಎಂದೂ ಹೇಳಿದೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡ್ಡ ಹಾಳಾಗಿದ್ದಕ್ಕೆ ರೆಸಾರ್ಟಿನವರನ್ನು, ಕಲ್ಲು ಒಡೆಯುವವರನ್ನು, ಬೇಸಿಗೆಯಲ್ಲಿ ಬೆಂಕಿ ಇಡುವವರನ್ನು ಬೈದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ ಅಂದ:

"ನಾನು ಒಂದು ದೊಡ್ಮರನೂ ಮುಟ್ಟಿಲ್ಲ ಕಣಮ್ಮಿ."

ನನಗೆ ರೇಗಿಹೋಯಿತು. "ದೊಡ್ಮರ ಎಲ್ಲಿಂದ ಬತ್ತವಪ್ಪ? ನಾವು ಕಡ್ದಿದ್ದೆಲ್ಲ ಅದ್ರ ಮಕ್ಳು" ಅಂದುಬಿಟ್ಟೆ.

ಮಸೆಯುವುದು ನಿಂತಿತು. ಅಪ್ಪ ಮಚ್ಚು ಕೆಳಗಿಟ್ಟ. ಎದ್ದು ಕೊಟ್ಟಿಗೆಗೆ ಹೋದ. ಬಹಳ ಹೊತ್ತಾದರೂ ಬರದಿದ್ದಕ್ಕೆ ನಾನೂ ಹಿಂದೆ ಹೋದೆ. ಉಳಿದಿದ್ದ ಹಳೆಯ ಕಡ್ಡಿಗಳ ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಒಂದೊಂದನ್ನೂ ಎತ್ತಿ, ತೊಗಟೆ ಉಜ್ಜಿ ನೋಡಿ, ಬೇರೆ ಬೇರೆ ಮಾಡಿ ಇಡುತ್ತಿದ್ದ. ಅಷ್ಟು ವರ್ಷ ನಾವು ಅವನ್ನೆಲ್ಲ ಬರೀ ಕಡ್ಡಿ ಅಂತಲೇ ಕರೆದಿದ್ದೆವು.

"ಇದು ಮತ್ತಿ," ಅಂದ, ನನ್ನ ಕಡೆ ನೋಡದೆ. "ಇದು ದಿಂಡಿಗ. ಇದು ಹೊನ್ನೆ." ಹೊನ್ನೆಯದನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: "ನೀನು ಐಸ್ಕೂಲ್ಗೆ ಓಯ್ತಿದ್ದಾಗ ಕಡ್ದವ್ನ ಕಡೀದೆ ಬುಟ್ಟಿದ್ರೆ, ಈಗ ಎಷ್ಟು ದಪ್ಪ ಆಗಿರವು?"

ಎರಡೂ ಕೈ ಅಗಲಿಸಿ ತೋರಿಸಲು ಹೋದವಳು ಅರ್ಧಕ್ಕೇ ಇಳಿಸಿದೆ.

ಈ ವರ್ಷ ನಮ್ಮ ಟೊಮೆಟೊ ತಂತಿಯ ಮೇಲಿದೆ. ಬದುವಿನ ಗಿಡಗಳೂ ಚಿಗುರಿವೆ. ದನ, ಮಚ್ಚು ದೂರವಿದ್ದು, ಲಂಟಾನ ಕಿತ್ತರೆ ಗುಡ್ಡದ ಹಳೆಯ ಮೋಟುಗಳು ಇನ್ನೂ ಮರವಾಗಬಹುದು. ಆದರೆ ಕಡಿಯುವುದನ್ನು ನಿಲ್ಲಿಸಿದ್ದು ನಮ್ಮ ಮನೆಯೊಂದೇ, ಊರಿನವರು ಇನ್ನೂ ಹತ್ತುತ್ತಲೇ ಇದ್ದಾರೆ. ಅಪ್ಪ ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಹೊಲದಲ್ಲಿ ಊಟಕ್ಕೆ ಕೂತರೆ ಗುಡ್ಡಕ್ಕೆ ಬೆನ್ನು ಹಾಕಿ ಕೂರುತ್ತಾನೆ.