ಹಿಡಿಯೋ ಪದಗಳೂ ಬಿಡೋ ಪೆಡಲ್ಲೂ

ಕಳೆದ ತಿಂಗಳು ಒಂದು ಬೆಳಿಗ್ಗೆ, ದೇವಲಾಪುರದ ರಸ್ತೆಯಲ್ಲಿ, ನಾನು ಒಂದು ಕಾರಿಗೆ "ಹೋ... ಹೋ..." ಅಂದುಬಿಟ್ಟೆ.

ನಗಬೇಡಿ. ಮುಂದೆ ಹೋಗುತ್ತಿದ್ದ ತೆಂಗಿನಕಾಯಿ ಟ್ರಾಕ್ಟರು ಇದ್ದಕ್ಕಿದ್ದಂತೆ ನಿಂತಿತು. ನನ್ನ ಕೈಯಲ್ಲಿ ಸ್ಟೀರಿಂಗ್. ಹೈಸ್ಕೂಲು ಮುಗಿಯೋವರೆಗೂ ಅಪ್ಪನ ಎತ್ತಿನ ಗಾಡಿ ಹೊಡೆದವಳು ನಾನು. ಗಾಬರಿಯಾದಾಗ ಕೈಗೆ ನೆನಪಾಗೋದು ಹಗ್ಗವೇ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡೆ. ಹಗ್ಗ ಜಗ್ಗುವಾಗ ಕಾಲೂರಿ ಹಿಂದಕ್ಕೆ ವಾಲಬೇಕಲ್ಲ? ಹಾಗೇ ಎರಡು ಕಾಲನ್ನೂ ಬಲವಾಗಿ ಊರಿದೆ. ಎಡಗಾಲ ಕೆಳಗೆ ಕ್ಲಚ್ಚು. ಬಲಗಾಲ ಕೆಳಗೆ (ಹೇಳೋಕೆ ನಾಚಿಕೆ) ಆಕ್ಸಿಲರೇಟರು.

ಎತ್ತಾಗಿದ್ದರೆ ನಿಲ್ಲುತ್ತಿತ್ತು. ಕಾರು ಗುಟುರು ಹಾಕಿತು.

ಪಕ್ಕದಲ್ಲಿದ್ದ ಡ್ರೈವಿಂಗ್ ಸ್ಕೂಲಿನ ನಜೀರ್ ಭಾಯ್ ತಮ್ಮ ಕಡೆಯ ಬ್ರೇಕು ತುಳಿದರು. ಟ್ರಾಕ್ಟರಿಗೂ ನಮಗೂ ನಡುವೆ ಒಂದು ಮೊಳ ಜಾಗ ಉಳಿಯಿತು.

"ಯಾ ಅಲ್ಲಾ! ಮೇಡಂ, ಇದ್ಕೆ ಮೂಗುದಾರ ಇಲ್ಲ ಕಣ್ರೀ," ಅಂದರು.

ನಲವತ್ತೆಂಟನೇ ವಯಸ್ಸಿಗೆ ಈ ಪಾಡು ಯಾಕೆ ಅಂತೀರಾ? ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮನೆ ನಾಗಮಂಗಲದಲ್ಲಿ. ಈ ವರ್ಷ ಕೆ.ಆರ್. ಪೇಟೆಗೆ ವರ್ಗವಾಯಿತು. ಬಸ್ಸು ಹಿಡಿದರೆ ಮೊದಲ ಪೀರಿಯಡ್ಡು ತಪ್ಪುತ್ತದೆ, ಪ್ರಿನ್ಸಿಪಾಲರ ಮುಖ ಕೆಂಪಾಗುತ್ತದೆ. ಮನೆ ಮುಂದೆ ಕಾರಿದೆ. ಆದರೆ ಅದು ನಮ್ಮ ಯಜಮಾನರ ಕಾರು. ದಿನಾ ಒರೆಸಿ, ಕವರ್ ಹೊದಿಸಿ, ಮಗುವಿನಂತೆ ಮಲಗಿಸುತ್ತಾರೆ. ಕೇಳಿದರೆ ಒಂದೇ ಮಾತು: "ಬಸ್ಸೈತಲ್ಲ ಕಣೆ, ನಿಂಗ್ಯಾಕೆ ಇವೆಲ್ಲ?"

ಒಂದು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿದ್ದೆ. ಅವತ್ತು ಅವರು ಹೋಳಿಗೆ ತಿಂದವರ ಹಾಗೆ ಮುಖ ಮಾಡಿಕೊಂಡು ಓಡಾಡಿದರು. ಇನ್ನೊಂದು ಸಲ ಫೇಲಾದರೆ ಜನ್ಮಪೂರ್ತಿ ಬಸ್ಸೇ ಗತಿ ಅಂತ ನನಗೆ ಗೊತ್ತಿತ್ತು.

ಟ್ರಾಕ್ಟರಿನ ಗಂಡಾಂತರ ಕಳೆದ ಮೇಲೆ ಕಾರನ್ನು ರಸ್ತೆ ಬದಿಗೆ ಹಾಕಿ ಟೀ ಅಂಗಡಿಯಲ್ಲಿ ಕೂತೆವು. ನನ್ನ ಬೆರಳುಗಳು ಬಿಡಿಸಿಕೊಳ್ಳಲೇ ಇಲ್ಲ, ಗ್ಲಾಸನ್ನೂ ಸ್ಟೀರಿಂಗಿನ ಹಾಗೇ ಹಿಡಿದಿದ್ದೆ.

"ಕ್ಲಚ್ ಒತ್ತಿದ್ದಕ್ಕೆ ಬಚಾವಾದ್ವಿ ಮೇಡಂ. ಒತ್ತುದ್ರೆ ಇಂಜಿನ್ನು ಚಕ್ರನ ಬುಟ್ಬುಡ್ತದೆ. ಕಾಲು ಎತ್ತುದ್ರೆ ಹಿಡ್ಕತದೆ," ಅಂದರು ಭಾಯ್.

ನನ್ನೊಳಗಿನ ಮೇಡಂ ಎದ್ದು ಕೂತಳು. ಕ್ಲಚ್ ಅನ್ನೋದು ಹಳೇ ಇಂಗ್ಲಿಷಿನ ಪದ ಭಾಯ್, ಬೆರಳು ಮಡಿಚಿ ಮುಷ್ಟಿ ಕಟ್ಟೋದು ಅಂತ ಅರ್ಥ ಅಂದೆ. ಹಿಡಿಯೋ ಹೆಸರಿಟ್ಟುಕೊಂಡ ಈ ಪೆಡಲ್ಲನ್ನು ನಾವು ತುಳಿಯೋದು ಮಾತ್ರ ಬಿಡಿಸೋದಕ್ಕೆ!

ಅಲ್ಲಿಗೆ ನಿಲ್ಲಿಸಬಹುದಿತ್ತು. ಮೇಷ್ಟ್ರುಗಳು ಎಲ್ಲಿ ನಿಲ್ಲಿಸುತ್ತಾರೆ? ಗ್ರಿಪ್ ಗೊತ್ತಲ್ಲ, ಅದರ ತಮ್ಮನೇ ಗ್ರೈಪ್ ಅಂದೆ. ಮಕ್ಕಳಿಗೆ ಗ್ರೈಪ್ ವಾಟರ್ ಕುಡಿಸುತ್ತೀವಲ್ಲ, ಹೊಟ್ಟೆಯೊಳಗೆ ಯಾರೋ ಕೈಹಾಕಿ ಹಿಂಡಿದಂಥ ನೋವಿಗೆ ಆ ಹೆಸರು. (ನಮ್ಮಲ್ಲೂ ಸೊಂಟ ಹಿಡ್ಕೊಳ್ಳುತ್ತೆ, ಕತ್ತು ಹಿಡ್ಕೊಳ್ಳುತ್ತೆ. ನೋವಿಗೆ ಎಲ್ಲ ದೇಶದಲ್ಲೂ ಕೈಗಳಿವೆ.) ಗ್ರಾಸ್ಪ್ ಅಂದರೆ ಹಿಡಿಯೋದೂ ಹೌದು, ಅರ್ಥ ಮಾಡಿಕೊಳ್ಳೋದೂ ಹೌದು. ಕಾಂಪ್ರಿಹೆಂಡ್ ಕೂಡ ಹಾಗೇ. ಲ್ಯಾಟಿನ್‌ನಲ್ಲಿ ಹಿಡಿಯೋದಕ್ಕಿದ್ದ ಒಂದು ಪದದಿಂದ ಅದು ಹುಟ್ಟಿತು. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಪದ ಪ್ರಿಸನ್.

ಭಾಯ್ ಟೀ ಕೆಳಗಿಟ್ಟರು. "ಅಂದ್ರೆ, ಪಾಠ ಅರ್ಥ ಆಗೋದೂ ಜೈಲಿಗೆ ಹಾಕೋದೂ ಒಂದೇ ಅನ್ನಿ. ನಿಮ್ ಕ್ಲಾಸ್ನಾಗೆ ಕೂತೋರ್ಗೆ ಇದು ಮೊದ್ಲೇ ಗೊತ್ತಿರ್ತದೆ ಬುಡಿ."

ಟೀ ಅಂಗಡಿಯವನೂ ನಕ್ಕ. ನಾನೂ ನಕ್ಕೆ. ಬೇರೆ ದಾರಿ ಏನಿತ್ತು?

ಆಮೇಲೆ ಭಾಯ್ ನನ್ನ ಕೈ ನೋಡಿ ಕೇಳಿದರು. "ನಿಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ರಾ?"

"ಓ, ಸಾಕ್ತಿದ್ರು."

"ಹಣ್ಣಾದ ಹುಳನ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬುಡೋವಾಗ ಎಂಗೆ ಹಿಡೀತಿದ್ರಿ? ಜೋರಾಗಿ ಹಿಡುದ್ರೆ ಹಿಚುಕೋಯ್ತದೆ, ಸಡ್ಲ ಬುಟ್ರೆ ಬಿದ್ದೋಯ್ತದೆ. ಸ್ಟೇರಿಂಗೂ ಅಂಗೇ ಹಿಡೀರಿ. ಅಷ್ಟೇಯ."

ಇಪ್ಪತ್ತು ವರ್ಷ ನಿಘಂಟು ತಿರುವಿದವಳಿಗೆ ಗ್ರಿಪ್ ಅಂದರೇನು ಅಂತ ತಿಳಿದದ್ದು ಅವತ್ತು. ನನ್ನ ಬೆರಳುಗಳಿಗೆ ಆ ಹುಳದ ತಣ್ಣನೆ ಮೈ ಇನ್ನೂ ನೆನಪಿತ್ತು. ವಾಪಸ್ ಬರುವಾಗ ಕಾರು ಒಮ್ಮೆಯೂ ಸೊಟ್ಟಗೆ ಹೋಗಲಿಲ್ಲ.

ಟೆಸ್ಟ್ ದಿನ ಎಂಟರ ಆಕಾರದ ಟ್ರ್ಯಾಕ್ ಸುತ್ತಿದೆ. ರಿವರ್ಸ್ ತೆಗೆದೆ. ಇನ್‌ಸ್ಪೆಕ್ಟರು ತಲೆ ಎತ್ತದೆ "ಪಾಸ್, ಇಳೀರಿ" ಅಂದರು. ಎಂ.ಎ. ಪಾಸಾದಾಗಲೂ ಅಷ್ಟು ಖುಷಿಯಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಲೈಸೆನ್ಸ್ ಕಾರ್ಡು ಬಂದ ಮಾರನೇ ದಿನ ನಾನೇ ಕಾರು ತೆಗೆದೆ. ಯಜಮಾನರು ಅರ್ಧ ದಿನ ರಜಾ ಹಾಕಿ ಪಕ್ಕದಲ್ಲಿ ಕೂತರು. "ಒಂದಿನ ನೋಡ್ಕಂಡು ಬತ್ತೀನಿ, ವಾಪಸ್ಸು ಬಸ್ಸಲ್ಲಿ ಬತ್ತೀನಿ" ಅಂತ. ಕಿಟಕಿ ಮೇಲೊಂದು ಹಿಡಿ ಇರುತ್ತಲ್ಲ, ಇಂಗ್ಲಿಷಿನಲ್ಲಿ ಅದು ಗ್ರಾಬ್ ಹ್ಯಾಂಡಲ್. ಕಾರು ತಂದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅವತ್ತು ಇವರು ಅದಕ್ಕೆ ಜೋತುಬಿದ್ದು ಕೂತಿದ್ದರು. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದರು. "ನಿಧಾನ, ನಿಧಾನ ಕಣೆ" ಅಂದರು. ಆಗ ಸ್ಪೀಡು ನಲವತ್ತು.

ಕಾಲೇಜು ಗೇಟಿಗೆ ಬಂದಾಗ ಮೊದಲ ಪೀರಿಯಡ್ಡಿಗೆ ಇನ್ನೂ ಹತ್ತು ನಿಮಿಷವಿತ್ತು. ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಯಜಮಾನರು ಇಳಿದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲೂ ಗೀಚಿಲ್ಲ ಅಂತ ಖಾತ್ರಿ ಮಾಡಿಕೊಂಡರು. "ಪರ್ವಾಗಿಲ್ಲ, ಚೆನ್ನಾಗೇ ಓಡುಸ್ದೆ" ಅಂದರು. ಅದು ಅವರ ಬಾಯಲ್ಲಿ ದೊಡ್ಡ ಪ್ರಶಸ್ತಿ, ನನ್ನ ಕಣ್ಣು ತುಂಬಿತು. ಬಸ್‌ಸ್ಟ್ಯಾಂಡಿನ ಕಡೆ ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. ಅಭ್ಯಾಸಬಲ ನೋಡಿ, ನನ್ನ ಮುಂದೆ ಅಂಗೈ ಚಾಚಿ ನಿಂತರು: "ಕೀ ಕೊಡು."

ರೀ, ಬಸ್ಸಲ್ಲಿ ಹೋಗೋರಿಗೆ ಕಾರಿನ ಕೀ ಯಾಕ್ರೀ?