ಉಳಿದ ಮಾತ್ರೆ ಕೊಡಲ್ಲ, ಏನಿವಾಗ?

ಕಳೆದ ವಾರದಿಂದ ನಮ್ಮ ವಠಾರದಲ್ಲಿ ನನಗೆ ಜಿಪುಣಿ ಎಂಬ ಬಿರುದು ಸಿಕ್ಕಿದೆ. ಕಾರಣ, ಆರು ಕ್ಯಾಪ್ಸೂಲ್. ಕೊಡಲ್ಲ ಅಂದೆ. ಈಗಲೂ ಅದನ್ನೇ ಅನ್ನುತ್ತೇನೆ.

ನಡೆದದ್ದು ಹೇಳುತ್ತೇನೆ, ತೀರ್ಪು ನೀವೇ ಕೊಡಿ. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ನನ್ನ ಎಡಗೆನ್ನೆ ಬೋಂಡಾದ ಹಾಗೆ ಊದಿತ್ತು. (ಎರಡು ದಿನ ಆಫೀಸಿನ ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಆನ್ ಮಾಡಲಿಲ್ಲ.) ಹಲ್ಲಿನ ಡಾಕ್ಟರ್ ಪೆನ್ನು ಎತ್ತುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಹಿಂದೆ ಯಾವ್ದಾದ್ರೂ ಮಾತ್ರೆ ಮೈಗೆ ಆಗ್ದೆ ಇದ್ದಿದ್ದು ಇದೆಯಾ?" ಇಲ್ಲ ಅಂದೆ. ಕೀವು ತೆಗೆದು, ಐದು ದಿನದ ಆಂಟಿಬಯಾಟಿಕ್ ಬರೆದರು. ಎಂಟು ಗಂಟೆಗೊಂದು. ಊತ ಇಳಿಯಿತೆಂದು ಮಧ್ಯದಲ್ಲಿ ನಿಲ್ಲಿಸಬೇಡಿ ಎಂದೂ ಹೇಳಿದರು.

ಮೂರು ದಿನಕ್ಕೆ ಊತ ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ಓನರ್ ಮುನಿಯಮ್ಮ ಡಬ್ಬಿ ಹಿಡಿದು ಮೇಲೆ ಬಂದರು.

ಡಬ್ಬಿಯ ವಿಷಯ ಹೇಳಲೇಬೇಕು. ಪಟ್ಟಂದೂರು ಅಗ್ರಹಾರದಲ್ಲಿ ತಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮುನಿಯಮ್ಮ ಕಟ್ಟಿಸಿದ ಈ ಬಿಲ್ಡಿಂಗಿನಲ್ಲಿ ಹದಿನಾಲ್ಕು ಮನೆ, ಒಂದು ಮಾತ್ರೆ ಡಬ್ಬಿ. ಹುಷಾರಾದವರು ಉಳಿದ ಮಾತ್ರೆಯನ್ನು ಅದಕ್ಕೆ ಹಾಕಬೇಕು. ಹುಷಾರಿಲ್ಲದವರು ಅದರಿಂದ ತೆಗೆದುಕೊಳ್ಳಬೇಕು. ಮನೆ ಖಾಲಿ ಮಾಡುವವರು ಬೀಗದ ಕೈ ಜೊತೆ ಮಾತ್ರೆಯನ್ನೂ ಕೊಟ್ಟು ಹೋಗುತ್ತಾರೆ. ಎಲ್ಲ ಕತ್ತರಿಸಿದ ಸ್ಟ್ರಿಪ್‌ಗಳು, ಅರ್ಧಕ್ಕರ್ಧ ಹೆಸರೇ ಇರುವುದಿಲ್ಲ. ಮುನಿಯಮ್ಮ ಬಣ್ಣ ನೋಡಿಯೇ ಕೊಡುತ್ತಾರೆ. ಹಳದಿಯದು ಹೊಟ್ಟೆಗೆ, ಕೆಂಪಿನದು ಗಂಟಲಿಗೆ.

ಮನಸ್ಸು ಒಳ್ಳೆಯದೇ. ಆದರೆ ಮಾತ್ರೆಗೆ ಅದು ಗೊತ್ತಾಗಬೇಕಲ್ಲ?

"ಕೆನ್ನೆ ಇಳಿದೈತಲ್ಲಮ್ಮ, ಇನ್ನೇನು? ಉಳಿದಿದ್ದು ಆಕು. ಕೆಳಗಡೆ ದೇವಪ್ಪಂಗೆ ಜ್ವರ, ಕೆಮ್ಮು. ನಾಳೆ ಕೆಲಸಕ್ಕೆ ಓಗ್ಬೇಕಂತೆ."

"ಇದು ಉಳಿದಿದ್ದಲ್ಲ, ನಾನಿನ್ನೂ ತಗೋಬೇಕಾಗಿರೋದು."

"ಆರು ಮಾತ್ರೆಗೆ ಇಂಗಾಡ್ತೀಯಲ್ಲ!"

ದೇವಪ್ಪ ಯಾದಗಿರಿ ಕಡೆಯವರು, ಕಟ್ಟಡಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಅವರ ಹೆಂಡತಿ ಮಲ್ಲವ್ವ ಮುನಿಯಮ್ಮನ ಹಿಂದೆಯೇ ನಿಂತಿದ್ದಳು. "ಕೊಡ್ರಿ ಅಕ್ಕಾರ. ಎರಡ ಗುಳಿಗಿ ಸಾಕ್ರಿ, ಜ್ವರ ಇಳಿದ್ರ ಕೆಲಸಕ್ಕ ಹೋಗ್ತಾರ."

ಸುಳ್ಳು ಯಾಕೆ ಹೇಳಲಿ? ಅವಳ ಮುಖ ನೋಡಿ ನನ್ನ ಕೈ ಸ್ಟ್ರಿಪ್ ಕಡೆಗೆ ಹೋಗಿತ್ತು. ಅಷ್ಟರಲ್ಲಿ ಡಾಕ್ಟರ್ ಕೇಳಿದ ಪ್ರಶ್ನೆ ನೆನಪಾಗಿ, ದೇವಪ್ಪನ ಬಗ್ಗೆ ಅದನ್ನೇ ಅವಳನ್ನು ಕೇಳಿದೆ.

"ಹೂಂರಿ," ಅಂದಳು ಮಲ್ಲವ್ವ. "ಹೋದ ವರ್ಷ ಊರಾಗ ಒಂದ ಗುಳಿಗಿ ತಗೊಂಡು ಇವರಿಗೆ ಮೈತುಂಬ ದದ್ದು ಎದ್ದಿದ್ವು. ತುಟಿ ಬಾತು, ಉಸಿರ ಕಟ್ಟಿತ್ರಿ. ದವಾಖಾನ್ಯಾಗ ಇಟ್ಕೊಂಡಿದ್ರು. ಇದನ್ನ ಮತ್ತ ಮುಟ್ಟಬ್ಯಾಡ್ರಿ ಅಂತ ಚೀಟಿ ಬರದು ಕೊಟ್ಟಾರ. ಆದ್ರ ಅದು ಬಿಳೀದಿತ್ರಿ ಅಕ್ಕಾರ, ಇದು ಕೆಂಪೈತಲ್ಲ!"

ಚೀಟಿ ತರಿಸಿದೆ. ದೇವರ ಫೋಟೋ ಹಿಂದೆ ಭದ್ರವಾಗಿಟ್ಟಿದ್ದಳು, ಪಾಪ. ಬರೆದದ್ದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಅದನ್ನು ಓದಬಲ್ಲವರೇ ಇಲ್ಲ. ನಾನು ಓದಿದೆ. ಅಮಾಕ್ಸಿಸಿಲಿನ್. ನನ್ನ ಸ್ಟ್ರಿಪ್ ತಿರುಗಿಸಿ ನೋಡಿದೆ. ಅಮಾಕ್ಸಿಸಿಲಿನ್.

ಇನ್ನೊಂದು ವಿಷಯ, ಬರೆಯಲು ನಾಚಿಕೆಯಾಗುತ್ತದೆ. ಎರಡು ವರ್ಷದ ಹಿಂದೆ ಗಂಟಲಿಗೆ ಬರೆದುಕೊಟ್ಟಿದ್ದ ಇದೇ ಕ್ಯಾಪ್ಸೂಲುಗಳನ್ನು ಅರ್ಧಕ್ಕೆ ಬಿಟ್ಟು, ನಾಲ್ಕನ್ನು ಡಬ್ಬಿಗೆ ಹಾಕಿ, ಮುನಿಯಮ್ಮನಿಂದ ಭೇಷ್ ಅನ್ನಿಸಿಕೊಂಡವಳು ನಾನು. ಡಬ್ಬಿ ಕಸಿದುಕೊಂಡು ಹಾಸಿಗೆಯ ಮೇಲೆ ಸುರಿದೆ. ಎರಡು ಇದ್ದವು. ಇನ್ನೆರಡು ಯಾರ ಹೊಟ್ಟೆಗೆ ಹೋದವೋ, ದೇವರೇ ಬಲ್ಲ.

ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಜಡಿದೆ.

"ನಮ್ ಡಬ್ಬಿ ಕಣಮ್ಮ ಅದು!" ಅಂದರು ಮುನಿಯಮ್ಮ.

"ಡಬ್ಬಿ ತೊಳೆದು ವಾಪಸ್ ಕೊಡ್ತೀನಿ. ಒಳಗಿರೋದು ಕೊಡಲ್ಲ. ಬೇಕಾದ್ರೆ ಮನೆ ಖಾಲಿ ಮಾಡಿಸಿ."

ಆಮೇಲೆ ದೇವಪ್ಪನನ್ನು ಆಟೋ ಹತ್ತಿಸಿ, ಚೀಟಿ ಸಮೇತ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡಾಕ್ಟರ್ ಗಂಟಲು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ವೈರಲ್ ಜ್ವರ, ಇದಕ್ಕೆ ಆಂಟಿಬಯಾಟಿಕ್‌ನಿಂದ ಕಾಸಿನ ಉಪಯೋಗವಿಲ್ಲ ಎಂದರು. ಜ್ವರದ ಮಾತ್ರೆ, ನೀರು, ಎರಡು ದಿನ ರೆಸ್ಟ್. ಹಳೆಯ ಚೀಟಿಯಲ್ಲಿದ್ದ ಮಾತ್ರೆಯ ಹೆಸರನ್ನು ಹೊಸ ಚೀಟಿಯ ಮೇಲೆ ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು, ಇನ್ನು ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಬೇಕು ಎಂದರು.

ದೇವಪ್ಪನ ಮುಖ ಬಾಡಿತು. "ಸ್ಟ್ರಾಂಗ್ ಏನೂ ಇಲ್ಲೇನ್ರಿ? ಇಷ್ಟಕ್ಕ ಕರಕೊಂಡ ಬಂದ್ರ್ಯಾ ಅಕ್ಕಾರ?"

ಅವರನ್ನು ನೋಡಿ ನಗುವ ಹಕ್ಕು ನಮಗಿದೆಯೇ? ನನ್ನ ಸಾಫ್ಟ್‌ವೇರ್ ಟೀಮಿನಲ್ಲೊಬ್ಬ ಎರಡು ಸೀನು ಬಂದರೆ ಸಾಕು, ಡ್ರಾಯರಿನಿಂದ ಹಳೆಯ ಆಂಟಿಬಯಾಟಿಕ್ ತೆಗೆದು ನುಂಗುತ್ತಾನೆ. ಕೇಳಿದರೆ, "ನಾಳೆ ರಿಲೀಸ್ ಇದೆ, ಮಲಗೋಕೆ ಟೈಮೆಲ್ಲಿದೆ?" ಅಂತಾನೆ. ಸೆಂಟ್ರಿಂಗ್‌ನವರಿಗೂ ಸಾಫ್ಟ್‌ವೇರ್‌ನವರಿಗೂ ಇಲ್ಲಿ ಕಾಯಿಲೆ ಬೀಳಲು ಪುರುಸೊತ್ತಿಲ್ಲ. ಆದರೆ ಆ ಮಾತ್ರೆ ಬರೆದದ್ದು ಒಬ್ಬರ ಮೈಗೆ, ಒಂದು ಕಾಯಿಲೆಗೆ, ಇಂತಿಷ್ಟು ದಿನಕ್ಕೆ. ಅದರಲ್ಲಿ ಪಕ್ಕದ ಮನೆಯವರ ಪಾಲು ಅಂತ ಇರುವುದಿಲ್ಲ. ಇದನ್ನು ಹೇಳಿದರೆ ಜಿಪುಣಿ ಅನ್ನುವುದಾದರೆ, ಅನ್ನಿ. ಬೋರ್ಡ್ ಬರೆಸಿ ಬಾಗಿಲಿಗೇ ಹಾಕಿಕೊಳ್ಳುತ್ತೇನೆ.

ನನ್ನ ಆರನ್ನೂ ನಾನೇ ಹೊತ್ತುಹೊತ್ತಿಗೆ ತೆಗೆದುಕೊಂಡು ಕೋರ್ಸ್ ಮುಗಿಸಿದೆ. ಮುನಿಯಮ್ಮ ಮಾತು ಬಿಟ್ಟಿದ್ದಾರೆ. ಜ್ವರ ಬಿಟ್ಟು ಕೆಲಸಕ್ಕೆ ಹೊರಟ ದೇವಪ್ಪ ನಿನ್ನೆ ನಲ್ಲಿಯ ಹತ್ತಿರ ನಿಂತು, ಮೇಲಿನ ಮನೆಯ ಅಕ್ಕ ಸುಮ್ಮನೆ ಅಲೆದಾಡಿಸಿದಳು ಎಂದು ಇಡೀ ವಠಾರಕ್ಕೆ ಕೇಳುವ ಹಾಗೆ ಬೈಯುತ್ತಿದ್ದರು.

ಬೈಯಲಿ ಬಿಡಿ. ಬೈಯುವುದಕ್ಕೂ ಉಸಿರು ಬೇಕಲ್ಲವೇ?